ಕೃಪಾಂಕವಲ್ಲ, ಕೃಪೆ

ಕಳೆದ ತಿಂಗಳು ಕುಂದಾಪುರದಲ್ಲಿ ನಮ್ಮ ಬಂಧುಗಳೊಬ್ಬರ ಮನೆಯಲ್ಲಿ ಪ್ರಾರ್ಥನಾಕೂಟವಿತ್ತು. ಬೈಂದೂರಿನಿಂದ ಬಸ್ಸು ಹಿಡಿದು ಹೋಗಿ ಹಿಂದಿನ ಸಾಲಿನಲ್ಲಿ ಗೋಡೆಗೊರಗಿ ಕುಳಿತಿದ್ದೆ. ಪ್ರಸಂಗ ಮಾಡಿದವರು ಪರವೂರಿನಿಂದ ಬಂದ ತರುಣರು. (ನನ್ನ ಹಳೆಯ ವಿದ್ಯಾರ್ಥಿಗಳಿಗೆ ಪ್ರಸಂಗವೆಂದರೆ ಯಕ್ಷಗಾನದ್ದು, ಚರ್ಚಿನವರಾದ ನಮಗೆ ಉಪದೇಶವೂ ಪ್ರಸಂಗವೇ.) ವಿಷಯ, ಮನುಷ್ಯನು ನಂಬಿಕೆಯಿಂದಲೇ ದೇವರ ಮುಂದೆ ನೀತಿವಂತನೆನಿಸಿಕೊಳ್ಳುವುದು. ಲೂಥರನ ಹೆಸರನ್ನು ಅವರು ಮೂರು ಸಲ ಹೇಳಿದರು. ಅನಂತರ ಒಂದು ದೃಷ್ಟಾಂತ ಕೊಟ್ಟರು: ದೇವರ ಕೃಪೆಯೆಂದರೆ ಪರೀಕ್ಷೆಯ ಕೃಪಾಂಕವಿದ್ದಂತೆ, ನೀವು ಕಷ್ಟಪಟ್ಟು ಮೂವತ್ತು ಅಂಕ ತೆಗೆಯಿರಿ, ಕಡಿಮೆ ಬಿದ್ದ ಐದನ್ನು ಆತನು ಹಾಕಿಕೊಡುತ್ತಾನೆ. ಎಲ್ಲರೂ ತಲೆದೂಗಿದರು. ನಾನು ತಲೆದೂಗಲಿಲ್ಲ. ಚಹಾ ಕುಡಿಯುವಾಗ ಭಾವನವರು, "ಎಂತ ಮಾಷ್ಟ್ರೇ, ಮುಖ ಗಂಟ್ ಹಾಕಂಡ್ ಕೂತ್ರಿ?" ಎಂದು ಕೇಳಿದರು. ಆಗ ಕೊಡಲಾರದ ಉತ್ತರವನ್ನು ಈಗ ಬರೆಯುತ್ತಿದ್ದೇನೆ.

ಆ ದೃಷ್ಟಾಂತ ತಪ್ಪು. ಸ್ವಲ್ಪ ತಪ್ಪಲ್ಲ, ಬುಡದಿಂದಲೇ ತಪ್ಪು. ಲೂಥರನು ಯಾವುದನ್ನು ವಿರೋಧಿಸಿ ತನ್ನ ಪ್ರಾಣವನ್ನೇ ಪಣಕ್ಕಿಟ್ಟನೋ ಅದನ್ನೇ ಅವನ ಹೆಸರಿನಲ್ಲಿ ಬೋಧಿಸಿದಂತಾಯಿತು.

ಕೃಪಾಂಕದ ಸಂಗತಿ ನನಗೆ ಚೆನ್ನಾಗಿ ಗೊತ್ತು. ಬೇಸಗೆಯ ರಜೆಯಲ್ಲಿ ಮೌಲ್ಯಮಾಪನ ಕೇಂದ್ರಗಳ ಮರದ ಬೆಂಚುಗಳ ಮೇಲೆ ಕುಳಿತು ಕನ್ನಡದ ಉತ್ತರಪತ್ರಿಕೆಗಳನ್ನು ತಿದ್ದಿದವನು ನಾನು. 2024ರ ಎಸ್ಸೆಸ್ಸೆಲ್ಸಿಯಲ್ಲಿ ಏನಾಯಿತೆಂಬುದು ನಿಮಗೆ ನೆನಪಿರಬಹುದು. ಪರೀಕ್ಷಾ ಕೊಠಡಿಗಳಿಗೆ ಕ್ಯಾಮರಾ ಬಂದು ಫಲಿತಾಂಶ ಕುಸಿದಾಗ ಮಂಡಳಿಯವರು ಕೃಪಾಂಕವನ್ನು ಶೇಕಡ 10ರಿಂದ 20ಕ್ಕೆ ಏರಿಸಿದರು. (ನಮ್ಮ ಉಡುಪಿ ಜಿಲ್ಲೆ ಆ ವರ್ಷವೂ ಶೇಕಡ 94ರೊಂದಿಗೆ ಮೊದಲ ಸ್ಥಾನದಲ್ಲಿತ್ತು, ಆ ಮಾತು ಬೇರೆ.) ಆಗಲೂ ಅದು ಎಲ್ಲರಿಗೂ ದೊರೆಯಲಿಲ್ಲ, ಇಂತಿಷ್ಟು ತೆಗೆದವನಿಗೆ ಮಾತ್ರ ದೊರೆಯಿತು. ಕೃಪಾಂಕದ ನಿಯಮವೇ ಅದು. ಹೊಸ್ತಿಲವರೆಗೆ ನಡೆದು ಬಂದವನನ್ನು ಒಳಗೆ ಎಳೆದುಕೊಳ್ಳುತ್ತದೆ, ಬಾವಿಯಲ್ಲಿ ಬಿದ್ದವನ ಕಡೆಗೆ ತಿರುಗಿಯೂ ನೋಡುವುದಿಲ್ಲ. ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯಲ್ಲಿ ಹೇಳುವುದು ಬಾವಿಯಲ್ಲಿ ಬಿದ್ದವನ ವಿಚಾರ. ಸೊನ್ನೆ ತೆಗೆದವನ ವಿಚಾರ.

ಈ ತತ್ತ್ವ ನಮ್ಮ ಕರಾವಳಿಗೆ ಬಂದ ದಾರಿಯನ್ನು ಸ್ವಲ್ಪ ನೆನೆಯಬೇಕು. 1834ರ ಅಕ್ಟೋಬರಿನಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಬಾಸೆಲ್ ಮಿಷನ್ನಿನಿಂದ ಮಂಗಳೂರಿಗೆ ಬಂದರು. ಆ ಮಿಷನ್ ಕಟ್ಟಾ ಲೂಥರನ್ ಸಂಸ್ಥೆಯಲ್ಲ. ಲೂಥರನ್ನರೂ ಸ್ವಿಸ್ ರಿಫಾರ್ಮ್ಡ್ ಪಂಥದವರೂ ಕೂಡಿ ನಡೆಸಿದ್ದು. ಬಂದವರಲ್ಲಿ ಬಹುಮಂದಿ ವುರ್ಟೆಂಬರ್ಗ್ ಸೀಮೆಯ ಭಕ್ತಿಪಂಥದ ಮನೆಗಳವರು. ಕೃಪೆಯನ್ನು ಸಾರುವ ಬಾಯಿ, ನಡತೆಯನ್ನು ಅಳೆಯುವ ಕಣ್ಣು, ಎರಡೂ ಅವರಿಗೆ ಒಟ್ಟಿಗೇ ಇದ್ದವು. ಜಾತ್ರೆಗಳಲ್ಲಿ ನಿಂತು ರಕ್ಷಣೆ ಉಚಿತವೆಂದು ಸಾರಿದರು. ಸಭೆಗೆ ಸೇರಿದವರಿಗೆ ನಿಯಮಗಳನ್ನು ವಿಧಿಸಿದರು: ಕಳ್ಳಿನ ಕಸುಬು ಬಿಡಬೇಕು, ಭಾನುವಾರ ಕೆಲಸ ಮಾಡಬಾರದು, ಜಾತಿಯ ಕಟ್ಟು ಕಳಚಬೇಕು, ತಪ್ಪಿದವನು ಕರ್ತನ ಭೋಜನದಿಂದ ಹೊರಗೆ. ಕಸುಬು ಬಿಟ್ಟವನಿಗೆ ಅನ್ನ ಬೇಡವೇ? ಅದಕ್ಕಾಗಿ ನೇಯ್ಗೆಯ ಮಗ್ಗ ಬಂತು, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಬಂತು. ನಮ್ಮ ಮನೆಯ ಹಿರಿಯರು ತಾಳೆಮರದಿಂದ ಇಳಿದು ಹೆಂಚಿನ ಆವಿಗೆಯ ಮುಂದೆ ನಿಂತದ್ದು ಹಾಗೆ. ಆ ಹೆಂಚಿನ ಕೆಳಗೇ ನಾನು ಅಕ್ಷರ ಕಲಿತೆ. ಆ ಋಣವನ್ನು ನಾನು ಮರೆತವನಲ್ಲ. ಮಿಷನ್ನಿನವರನ್ನು ಹಳಿಯುವುದಕ್ಕಾಗಿ ಇದನ್ನು ಬರೆಯುತ್ತಲೂ ಇಲ್ಲ.

ಆದರೆ ಒಂದು ಪಾಠ ನಮ್ಮ ಜನರ ಮೈಯಲ್ಲಿ ಇಳಿದುಬಿಟ್ಟಿತು. ಭಾನುವಾರ ಪೀಠದಿಂದ ಕೇಳಿದ್ದು ಕೃಪೆ; ಸೋಮವಾರದಿಂದ ಶನಿವಾರದವರೆಗೆ ಕಂಡದ್ದು ಹಾಜರಿ ಪುಸ್ತಕ. ಕೆಲಸ ಕೊಟ್ಟವರೂ ಅವರೇ, ಮನೆ ಕೊಟ್ಟವರೂ ಅವರೇ, ನಡತೆಗೆ ಸಾಕ್ಷಿ ಹೇಳುವವರೂ ಅವರೇ ಆದಾಗ ಬಡವನು ಉಚಿತವೆಂಬ ಮಾತನ್ನು ನಂಬುವನೇ? ತಲೆಯಾಡಿಸುತ್ತಾನೆ, ಒಳಗೊಳಗೆ ಲೆಕ್ಕ ಹಾಕುತ್ತಾನೆ. ಆ ಲೆಕ್ಕ ಮುಗಿದಿಲ್ಲವೆಂಬುದಕ್ಕೆ ಕುಂದಾಪುರದ ಆ ಸಂಜೆಯೇ ಸಾಕ್ಷಿ.

ಇನ್ನೊಂದು ತೊಡಕು ನಮ್ಮ ಭಾಷೆಯದು. ಕನ್ನಡ ಮಾಸ್ತರನಾದುದರಿಂದ ಇದನ್ನು ಹೇಳಲೇಬೇಕು. ನಮ್ಮ ಸತ್ಯವೇದದಲ್ಲಿ ಈ ತತ್ತ್ವಕ್ಕೆ ಬಳಸಿರುವ ಪದ 'ನೀತಿವಂತ'. ಕನ್ನಡಿಗನ ಕಿವಿಗೆ ನೀತಿ ಎಂದೊಡನೆ ಏನು ಕೇಳಿಸುತ್ತದೆ? ಪಠ್ಯಪುಸ್ತಕದ ಕಥೆಯ ಕೊನೆಯಲ್ಲಿ ದಪ್ಪ ಅಕ್ಷರದಲ್ಲಿರುವ ನೀತಿ: ಸುಳ್ಳು ಹೇಳಬಾರದು, ಕದಿಯಬಾರದು. ನೀತಿವಂತನೆಂದರೆ ಒಳ್ಳೆಯ ನಡತೆಯ ಮನುಷ್ಯ. ಮೂಲ ಗ್ರೀಕಿನ ಪದದ ಹಿಂದೆ ನ್ಯಾಯಾಲಯವಿದೆ. ನ್ಯಾಯಾಧೀಶನು ಒಬ್ಬನ ಪರವಾಗಿ ತೀರ್ಪು ಕೊಡುವುದು, ನಮ್ಮ ಪತ್ರಿಕೆಯವರ ಭಾಷೆಯಲ್ಲಿ ಆರೋಪಿ ಖುಲಾಸೆ. ಅದೂ ಸಾಕ್ಷ್ಯ ಸಾಲದೆ ಆದ ಖುಲಾಸೆಯಲ್ಲ. ಅಪರಾಧ ಸಾಬೀತಾದ ಮೇಲೆ, ಅಪರಾಧಿಯ ಬದಲಿಗೆ ಇನ್ನೊಬ್ಬನು ದಂಡ ತೆತ್ತದ್ದರಿಂದ ಆದ ಬಿಡುಗಡೆ. ಭಾಷಾಂತರಕಾರರು ಇದನ್ನು ಅರಿಯದವರಲ್ಲ. 'ನೀತಿವಂತರೆಂದು ನಿರ್ಣಯಿಸಲ್ಪಡುವುದು' ಎಂದು ಎಚ್ಚರಿಕೆಯಿಂದಲೇ ಬರೆದರು. ನಾವು 'ನಿರ್ಣಯ'ವನ್ನು ಬಿಟ್ಟು 'ನೀತಿ'ಯನ್ನು ಹಿಡಿದುಕೊಂಡೆವು. ಲೂಥರನಿಗೂ ಭಾಷಾಂತರದ ಜಗಳ ತಪ್ಪಲಿಲ್ಲ. 1522ರ ತನ್ನ ಜರ್ಮನ್ ಹೊಸ ಒಡಂಬಡಿಕೆಯಲ್ಲಿ, ರೋಮಾಪುರದವರಿಗೆ ಬರೆದ ಪತ್ರಿಕೆಯ ಮೂರನೆಯ ಅಧ್ಯಾಯದಲ್ಲಿ, ಮೂಲದಲ್ಲಿಲ್ಲದ 'ಮಾತ್ರ' ಎಂಬ ಪದವನ್ನು ಸೇರಿಸಿದನೆಂದು ವಿರೋಧಿಗಳು ಹುಯಿಲೆಬ್ಬಿಸಿದರು. 1530ರಲ್ಲಿ ಅವನು ಕೊಟ್ಟ ಉತ್ತರದ ತಿರುಳು, ಜರ್ಮನ್ ಮಾತನಾಡುವುದು ಹೇಗೆಂದು ಮನೆಯ ತಾಯಿಯನ್ನು, ಬೀದಿಯ ಮಕ್ಕಳನ್ನು, ಸಂತೆಯ ಮನುಷ್ಯನನ್ನು ಕೇಳಬೇಕೆಂಬುದು. ಕನ್ನಡದ ಪ್ರಸಂಗಿಗಳು ಕುಂದಾಪುರದ ಸಂತೆಗೊಮ್ಮೆ ಹೋಗಿ 'ನೀತಿ' ಎಂದರೇನೆಂದು ಕೇಳಿ ಬರಲಿ.

ಭಾವನವರ ಪಕ್ಷ ನನಗೆ ತಿಳಿಯದ್ದಲ್ಲ. ಕೃಪೆ ಪೂರ್ತಿ ಉಚಿತವೆಂದರೆ ಹುಡುಗರು ಕೆಡುತ್ತಾರೆ, ಒಳ್ಳೆಯದನ್ನು ಯಾರು ಮಾಡುತ್ತಾರೆ ಎನ್ನುತ್ತಾರೆ ಅವರು. ಇದು ದುರ್ಬಲ ವಾದವಲ್ಲ. ಯಾಕೋಬನ ಪತ್ರಿಕೆ ಅವರ ಬೆನ್ನಿಗಿದೆ; ಲೂಥರನು ಅದನ್ನು ಹುಲ್ಲಿನ ಪತ್ರಿಕೆಯೆಂದು ಜರೆದದ್ದು ಅತಿಯಾಯಿತೆಂದು ನಾನೂ ಒಪ್ಪುತ್ತೇನೆ. ಅವನು ಸತ್ತು ಹತ್ತು ವರ್ಷ ಕಳೆಯುವುದರೊಳಗೆ ಅವನ ಶಿಷ್ಯರೇ ಈ ವಿಷಯದಲ್ಲಿ ಕಾದಾಡಿದರು. ರಕ್ಷಣೆಗೆ ಸತ್ಕ್ರಿಯೆ ಅಗತ್ಯವೆಂದ ಗೇಯಾರ್ಗ್ ಮಾಯೋರ್. ಸತ್ಕ್ರಿಯೆ ರಕ್ಷಣೆಗೆ ಹಾನಿಕರವೆಂದು ಎದುರು ಬರೆದ ನಿಕೊಲಾಸ್ ಆಮ್ಸ್‌ಡಾರ್ಫ್! ಸಿಟ್ಟಿನಲ್ಲಿ ಪಂಡಿತರೂ ಎಲ್ಲಿಗೆ ಹೋಗಿ ಮುಟ್ಟುತ್ತಾರೆ ನೋಡಿ. 1577ರ ಕಾನ್ಕಾರ್ಡ್ ಸೂತ್ರ ಎರಡು ಮಾತುಗಳನ್ನೂ ತಳ್ಳಿಹಾಕಿತು. ಮುಂದೆ 1937ರಲ್ಲಿ ಬೋನ್‌ಹಾಫರ್ ಅಗ್ಗದ ಕೃಪೆಯನ್ನು ಖಂಡಿಸಿ ಬರೆದ. ಹಿಟ್ಲರನ ಕಾಲದಲ್ಲಿ ಸುಮ್ಮನಿದ್ದ ಚರ್ಚಿಗೆ ಆ ಮಾತು ಬೇಕೇ ಇತ್ತು, ಅವನು ತನ್ನ ಪ್ರಾಣ ಕೊಟ್ಟು ಅದನ್ನು ಉಳಿಸಿಕೊಂಡ. ಆದರೆ ಭಾವನವರೇ, ಬೋನ್‌ಹಾಫರ್ ಕೃಪೆಯ ಬೆಲೆ ಹೇಳಿದನೇ ಹೊರತು ಅದಕ್ಕೆ ಕನಿಷ್ಠ ಅಂಕ ನಿಗದಿಮಾಡಲಿಲ್ಲ. ಮಾವಿನ ಮರದಲ್ಲಿ ಹಣ್ಣು ಬರುವುದು ಮರ ಬದುಕಿರುವುದರಿಂದ. ಬದುಕುವುದಕ್ಕೆ ಅರ್ಹತೆ ಸಂಪಾದಿಸಲೆಂದು ಯಾವ ಮರವೂ ಹಣ್ಣು ಬಿಡುವುದಿಲ್ಲ.

ನನ್ನ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಹಿಂದೂಗಳು. ಮಾಸ್ತರರ ಚರ್ಚಿನ ಜಗಳ ನಮಗೇಕೆ ಎಂದು ನೀವು ಪುಟ ಮುಚ್ಚಬಾರದು. ಮೇಲುಕೋಟೆಯ ಕಡೆಯ ಶ್ರೀವೈಷ್ಣವರನ್ನು ಕೇಳಿ. ವಡಗಲೆ ತೆಂಗಲೆಯವರ ವಾದದಲ್ಲಿ ಇದೇ ಪ್ರಶ್ನೆಯಿದೆ. ಕೋತಿಮರಿ ತಾಯಿಯ ಹೊಟ್ಟೆಯನ್ನು ತಾನೇ ಅವುಚಿ ಹಿಡಿಯಬೇಕು. ಬೆಕ್ಕಿನ ಮರಿಯನ್ನು ತಾಯಿಯೇ ಬಾಯಲ್ಲಿ ಕಚ್ಚಿ ಒಯ್ಯುತ್ತದೆ. ಮರ್ಕಟನ್ಯಾಯ, ಮಾರ್ಜಾಲನ್ಯಾಯ. ರುಡಾಲ್ಫ್ ಆಟ್ಟೊ ಎಂಬ ಜರ್ಮನ್ ಲೂಥರನ್ ಪಂಡಿತ ಭಾರತದ ಕೃಪಾಧರ್ಮದ ವಿಷಯವಾಗಿಯೇ ಗ್ರಂಥ ಬರೆದು, ಈ ವಿಚಾರ ತನ್ನ ಮನೆಯ ವಿಚಾರಕ್ಕೆ ಎಷ್ಟು ಸಮೀಪವೆಂದು ಬೆರಗಾದ. ಕೊಲ್ಲೂರಿಗೆ ಹರಕೆ ಹೊತ್ತು ನಡೆಯುವ ನನ್ನ ನೆರೆಯವರನ್ನು ಚರ್ಚಿನ ಕೆಲವರು ಹಗುರವಾಗಿ ಆಡಿಕೊಳ್ಳುವುದನ್ನು ಕೇಳಿದ್ದೇನೆ. ಅವರಿಗಾದರೂ ಹರಕೆ ಹರಕೆಯೆಂಬ ಅರಿವಿದೆ. ನಾವು ಹರಕೆಯನ್ನೇ ಹೊತ್ತು ಅದಕ್ಕೆ ನಂಬಿಕೆಯೆಂದು ಹೆಸರಿಡುತ್ತೇವೆ.

ಇಷ್ಟಕ್ಕೆ ಮುಗಿದಿದ್ದರೆ ಇದು ಪಂಡಿತರ ಹರಟೆಯಾಗುತ್ತಿತ್ತು. ನಾನು ಸುಮ್ಮನಿರಲಾರದ ಕಾರಣ ಬೇರೆ.

ನನ್ನ ಅಕ್ಕ ತೀರಿಕೊಂಡು ಕೆಲವು ವರ್ಷಗಳಾದವು. ಹೊಟ್ಟೆಯ ಕಾಯಿಲೆ, ಹಾಸಿಗೆ ಹಿಡಿದು ನಾಲ್ಕು ತಿಂಗಳು. ಆ ದಿನಗಳಲ್ಲಿ ಪ್ರಾರ್ಥನೆಗೆಂದು ಬಂದ ಪ್ರಸಂಗಿಯೊಬ್ಬರು (ಇವರಲ್ಲ, ಬೇರೊಬ್ಬರು, ಹೆಸರು ಬೇಡ) ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ, ಸಂಪೂರ್ಣವಾಗಿ ನಂಬಿದರೆ ನೀವು ಏಳುತ್ತೀರಿ ಎಂದು ಹೇಳಿ ಹೋದರು. ಎರಡನೆಯ ಸಲ ಬಂದಾಗ ಆಕೆ ಎದ್ದಿರಲಿಲ್ಲ. ನಂಬಿಕೆಯಲ್ಲಿ ಎಲ್ಲೋ ಕೊರತೆಯಿದೆ, ಹೃದಯವನ್ನು ಶೋಧಿಸಿಕೊಳ್ಳಿ ಎಂದರು. ಎಪ್ಪತ್ತು ವರ್ಷ ಒಂದು ಭಾನುವಾರವನ್ನೂ ತಪ್ಪಿಸದ ಹೆಂಗಸು ಆ ರಾತ್ರಿ ನನ್ನ ಕೈ ಹಿಡಿದು, "ತಮ್ಮಾ, ನನ್ನ ನಂಬ್ಕಿ ಸಾಲ್ದೇ ಹೋಯ್ತಾ?" ಎಂದು ಕೇಳಿದಳು. ಕಾಯಿಲೆಗಿಂತ ಆ ಪ್ರಶ್ನೆ ಅವಳನ್ನು ಹೆಚ್ಚು ತಿಂದಿತು.

ಕೃಪಾಂಕದ ದೃಷ್ಟಾಂತ ಹೋಗಿ ಮುಟ್ಟುವುದು ಇಲ್ಲಿಗೆ. ಕ್ರಿಯೆಯಿಂದಲ್ಲ, ನಂಬಿಕೆಯಿಂದ ಎಂದು ಪೀಠದಲ್ಲಿ ಗುಡುಗಿ, ಹಾಸಿಗೆಯ ಬಳಿಗೆ ಬಂದಾಗ ನಂಬಿಕೆಯನ್ನೇ ಒಂದು ಕ್ರಿಯೆಯಾಗಿ ಮಾಡಿ ಅದಕ್ಕೆ ಅಂಕ ಹಾಕುವುದು! ಹಳೆಯ ಕ್ರಿಯೆಗಳಾದರೂ ವಾಸಿ. ಉಪವಾಸವನ್ನು ಎಣಿಸಬಹುದು, ದಾನವನ್ನು ಎಣಿಸಬಹುದು. ನಂಬಿಕೆಯನ್ನು ಹೇಗೆ ಎಣಿಸುವುದು? ಎಂದಿಗೂ ಸಾಲದ ಕ್ರಿಯೆ ಅದು. ಹಳೆಯ ಲೂಥರನ್ ಪಂಡಿತರು ನಂಬಿಕೆಯನ್ನು ಭಿಕ್ಷುಕನ ಕೈಗೆ ಹೋಲಿಸಿದರು. ಕೈ ಗಟ್ಟಿಯಾಗಿದೆಯೇ, ನಡುಗುತ್ತಿದೆಯೇ ಎಂಬುದರಿಂದ ಭಿಕ್ಷೆಯ ಬೆಲೆ ಬದಲಾಗುವುದಿಲ್ಲ. 1546ರ ಫೆಬ್ರವರಿಯಲ್ಲಿ ಲೂಥರನು ಸತ್ತಾಗ ದೊರೆತ ಕೊನೆಯ ಚೀಟಿಯಲ್ಲಿದ್ದುದೂ ನಾವು ಬೇಡುವವರು ಎಂಬ ಅರ್ಥದ ಮಾತೇ.

ಅಕ್ಕನಿಗೆ ನಾನು ಇದೊಂದನ್ನೂ ಹೇಳಲಿಲ್ಲ. ಗಂಗೊಳ್ಳಿಯ ದೋಣಿಯನ್ನು ನೆನಪಿಸಿದೆ. ನಾನು ಹತ್ತು ವರ್ಷದವನಿದ್ದಾಗ ಒಂದು ಆಷಾಢದಲ್ಲಿ ಗಂಗೊಳ್ಳಿಯಿಂದ ಕುಂದಾಪುರಕ್ಕೆ ಇಬ್ಬರೂ ದಾಟಿದ್ದೆವು. ಹೊಳೆ ತುಂಬಿ ಕೆಂಪಾಗಿತ್ತು, ಗಾಳಿಯೂ ಇತ್ತು. ಅಕ್ಕ ಕಣ್ಣು ಮುಚ್ಚಿ, ನನ್ನ ಅಂಗಿಯನ್ನು ಹಿಡಿದು ಗಡಗಡ ನಡುಗುತ್ತಿದ್ದಳು. ಅಂಬಿಗ ನಕ್ಕು, "ಹೆದ್ರಿರೂ ಅಡ್ಡಿಲ್ಲೆ, ಕೂಕಣಿ" ಎಂದಿದ್ದ. ಎದುರಿಗೆ ಕುಳಿತ ಮೀನಿನ ಹೆಂಗಸರು ಎಲೆಯಡಿಕೆ ಮೆಲ್ಲುತ್ತ ಹರಟುತ್ತಿದ್ದರು. ಅವರೂ ದಡ ಸೇರಿದರು, ಅಕ್ಕನೂ ಸೇರಿದಳು, ಒಂದೇ ಗಳಿಗೆಯಲ್ಲಿ. "ದೋಣಿ ದಾಟಿಸಿದ್ದಲ್ಲವೇ ಅಕ್ಕ, ನಿನ್ನ ಧೈರ್ಯವೇ ದಾಟಿಸಿದ್ದು?" ಎಂದು ಕೇಳಿದೆ. ಅವಳು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, ಆ ದಿನ ನನ್ನ ಅಂಗಿಯ ಗುಂಡಿ ಅವಳ ಕೈಯಲ್ಲೇ ಕಿತ್ತು ಬಂದದ್ದನ್ನು ನೆನಪಿಸಿಕೊಂಡು ನಕ್ಕಳು.

ಜಗತ್ತಿನ ಲೂಥರನ್ನರು 1963ರಲ್ಲಿ ಹೆಲ್ಸಿಂಕಿಯಲ್ಲಿ ಸೇರಿ, ಈ ತತ್ತ್ವವನ್ನು ಈ ಕಾಲದ ಜನರಿಗೆ ಹೇಗೆ ಹೇಳುವುದೆಂದು ಚರ್ಚಿಸಿ, ಒಂದು ಹೇಳಿಕೆಯನ್ನು ಒಪ್ಪಲಾರದೆ ಚದರಿದರು. 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗಿನಲ್ಲಿ ಲೂಥರನ್ ಒಕ್ಕೂಟದವರೂ ರೋಮಿನವರೂ ಜಂಟಿ ಘೋಷಣೆಗೆ ಸಹಿ ಹಾಕಿದರು. ಅದಕ್ಕೆ ಮೊದಲೇ ನೂರಕ್ಕೂ ಹೆಚ್ಚು ಜರ್ಮನ್ ಪ್ರಾಧ್ಯಾಪಕರು ಪ್ರತಿಭಟಿಸಿದ್ದರು. ಅವರವರ ಕಾರಣ ಅವರಿಗೆ. ಆದರೆ ಇದು ದೊಡ್ಡ ಸಮ್ಮೇಳನಗಳಲ್ಲಿ ಕೆಡುವುದಕ್ಕಿಂತ ಸಣ್ಣ ಕೋಣೆಗಳಲ್ಲಿ ಕೆಡುವುದೇ ಹೆಚ್ಚು. ದೃಢೀಕರಣದ ಪಾಠಕ್ಕೆ ಬರುವ ಮಕ್ಕಳಿಗೆ ಪ್ರಶ್ನೋತ್ತರವನ್ನು ಬಾಯಿಪಾಠ ಮಾಡಿಸಿ, ತಪ್ಪದೆ ಒಪ್ಪಿಸಿದವನಿಗೆ ಬಹುಮಾನ, ತಡವರಿಸಿದವನಿಗೆ ಗದರಿಕೆ ಕೊಟ್ಟರೆ, ಕೃಪೆಯ ಪಾಠದಲ್ಲಿ ಆ ಮಗು ಕಲಿತದ್ದು ಏನು? ನಾನೂ ಆ ಪಾಠವನ್ನು ಹಾಗೆಯೇ ಕೆಲವು ವರ್ಷ ಮಾಡಿದ್ದೇನೆ. ತಡವರಿಸಿದ ಒಬ್ಬ ಹುಡುಗನನ್ನು ನಿಲ್ಲಿಸಿದ್ದೆ. ಅವನು ಈಗ ಮುಂಬಯಿಯಲ್ಲಿದ್ದಾನೆ, ಇದನ್ನು ಓದಿಯಾನು. ಮಗೂ, ಆ ದಿನ ತಪ್ಪಿದವನು ನಾನು.

ಕುಂದಾಪುರದ ಆ ತರುಣರಿಗೆ ಎರಡು ಪುಟದ ಪತ್ರ ಬರೆದು ಹಾಕಿದ್ದೇನೆ, ಉತ್ತರ ಬಂದಿಲ್ಲ. ಮುಂದಿನ ತಿಂಗಳ ಎರಡನೆಯ ಶನಿವಾರ ಅದೇ ಮನೆಯಲ್ಲಿ ಮತ್ತೆ ಕೂಟವಿದೆ, ಅವರೇ ಬರುವರಂತೆ. ಮೊಣಕಾಲಿನ ನೋವು ಎಷ್ಟೇ ಇರಲಿ, ಹೋಗುತ್ತೇನೆ. ಈ ಸಲ ಮುಂದಿನ ಸಾಲಿನಲ್ಲಿ ಜಾಗ ಹಿಡಿದಿಡಲು ಭಾವನವರಿಗೆ ಹೇಳಿದ್ದೇನೆ.