ಹಳೇ ಒಲಿ ಕೆಡವೂಕಿಂತ ಮೊದಲ

ಅಕ್ಕಾರ, ನಮ್ಮ ಹನ್ನೆರಡು ಮಂದಿ ಸಂಘದ ಲೆಕ್ಕಾ ನಾ ಕಂಪ್ಯೂಟರಿನ್ಯಾಗ ಇಡ್ತೇನಿ ಅನ್ನೋದು ನಿಮಗ ಗೊತ್ತದ. ಮಗ ಪೈಥಾನ್ 2ರಾಗ ಬರದುಕೊಟ್ಟ ಸಣ್ಣ ಪ್ರೋಗ್ರಾಂ ಅದು. ಹೋದ ದೀಪಾವಳಿಗೆ ಬಂದ ಮೈದುನನ ಮಗ, "ಕಾಕು, ಇದು ಹಳೇದಾತು" ಅಂದವನ ನನ್ನ ಒಂದು ಮಾತು ಕೇಳದ ಅದನ್ನ ಕಿತ್ತು ಪೈಥಾನ್ 3 ಹಾಕಿದ. ಪ್ರೋಗ್ರಾಂ ನಿಂತಬಿಡ್ತು. ಪ್ರಿಂಟ್ ಅನ್ನೋದರ ಮುಂದ ಕಂಸ ಹಾಕಿ, ಓಡಿಸಿ ತೋರಿಸಿ ಹೋದ.

ತಿಂಗಳ ಕಡೀಗೆ 1,250 ರೂಪಾಯಿ ಬಡ್ಡಿ ಹಂಚಬೇಕು. ಮೊದಲಾದ್ರ ತಲಿಗೆ 104, ಉಳಿದ 2 ರೂಪಾಯಿ ಡಬ್ಬಿಗೆ ಅಂತ ಬರ್ತಿತ್ತು. ಈ ಸಲ ತಲಿಗೆ 104.1666, ಡಬ್ಬಿಗೆ ಸೊನ್ನಿ! ಪೂರ್ಣಸಂಖ್ಯಾ ಭಾಗಿಸಿದ್ರ 2 ಚಿಲ್ಲರ ಬಿಡ್ತದ, 3 ಬಿಡೂದಿಲ್ಲ. ಆ ಎರಡು ರೂಪಾಯಿಗೆ ಒಬ್ಬಾಕಿ ನನ್ನ ಮಾರಿ ನೋಡಿದ್ದು ನಾ ಮರಿಯೂದಿಲ್ಲ.

"ಹಂಗಾದ್ರ ಹಳೇದ ಛಲೋ" ಅನ್ನೋದನ್ನೂ ನಾ ಒಪ್ಪೂದಿಲ್ಲ. 2020ರ ಜನವರಿ 1ಕ್ಕ ಪೈಥಾನ್ 2ರ ರಿಪೇರಿ ನಿಲ್ಲಿಸ್ಯಾರ. ಸೋರೋ ಮಾಳಗಿ ಕೆಳಗ ಹಿಟ್ಟಿನ ಡಬ್ಬಿ ಎಷ್ಟು ದಿನ ಇಡ್ತೀರಿ?

ಆದ್ರ ಹೊಸ ಒಲಿಮ್ಯಾಲ ಒಮ್ಮೆ ಅನ್ನಾ ಬೇಯಿಸಿ ನೋಡದ ಯಾರರ ಹಳೇದು ಕೆಡವ್ತಾರೇನ್ರಿ? ಎರಡೂ ಪೈಥಾನ್ ಒಂದ ಕಂಪ್ಯೂಟರಿನ್ಯಾಗ ಕೂಡಿ ಇರ್ತಾವ. ಮುಗದ ತಿಂಗಳ ಲೆಕ್ಕಾ ಎರಡರಾಗೂ ಹಾಕ್ರಿ, ಪೈಸಾಕ್ಕ ಪೈಸಾ ಕೂಡಿದ ಮ್ಯಾಲ ಹಳೇದು ತಗೀರಿ. ನಮ್ಮದು ಭಾಗಾಕಾರದ ಒಂದು ಓರೆಗೀಟಿಗೆ ಇನ್ನೊಂದು ಹಚ್ಚಿದ ಕೂಡ್ಲೆ ಸರಿ ಆತು.

ಇನ್ನ ಹುಡುಗರು "ಅಪ್‌ಗ್ರೇಡ್ ಮಾಡ್ತೇನಿ" ಅಂತ ಬಂದ್ರ ಮೊದಲ ಲೆಕ್ಕದ ವಹಿ ಮುಂದಿಡ್ರಿ. ಕೆಡೋದು ಅವರ ಹೆಸರಲ್ಲ, ನಮ್ಮದು.