ಅದುರಿದರೆ ಸಡಿಲ ಮಾತ್ರಾನಾ?

ಮೊನ್ನೆ ಹೊರ್ತಿಗೆ ಹೋಗುವಾಗ ಬಸ್ಸಿನ ಕಿಟಕಿ ಗಡಗಡ ಅಂತಿತ್ತು. ಪಕ್ಕದ ಹಿರಿಯರು "ಹಿಂಗ ಅದುರಿದ್ರ ಎಲ್ಲಾ ಸಡ್ಲ ಆಗ್ತೈತಿ ನೋಡು ತಮ್ಮಾ" ಅಂದರು.

ನಟ್ಟು-ಬೋಲ್ಟಿಗೆ ಆ ಮಾತು ಸರಿ. ಆದರೆ ಬುಡದಲ್ಲಿ ಕೀಲಿರುವ ಕಡ್ಡಿಯನ್ನು ನೆಟ್ಟಗೆ ನಿಲ್ಲಿಸಿದರೆ ಬಿದ್ದೇ ಬೀಳುತ್ತೆ. ಆ ಬುಡವನ್ನೇ ಮೇಲೆ-ಕೆಳಗೆ ಸಾಕಷ್ಟು ವೇಗವಾಗಿ ಅದುರಿಸಿ, ನಿಲ್ಲುತ್ತೆ! ರಷ್ಯಾದ ಕಪಿತ್ಸಾ 1951ರಲ್ಲೇ ಇದನ್ನು ವಿವರಿಸಿದ್ದರು.

ಸಣ್ಣ ಕಡ್ಡಿಗಳನ್ನು ಜಾಲರಿಯಂತೆ ಹೆಣೆದ ಹಗುರ ವಸ್ತುಗಳಲ್ಲೂ ಇಂಥದ್ದೇ ಆಟ. ಭಾರಕ್ಕೆ ಬಾಗುವ ಕಡ್ಡಿಯನ್ನು ಸರಿಯಾದ ಕಂಪನ ಬಿಗಿ ಮಾಡಬಲ್ಲದು, ತಪ್ಪು ಕಂಪನ ಕುಸಿಯುವಂತೆಯೂ ಮಾಡಬಲ್ಲದು. ಇವನ್ನು ಬಳಸುವುದೋ ಅದುರುವ ವಿಮಾನ, ರಾಕೆಟ್ಟುಗಳಲ್ಲಿ!

ಬಿಗಿತ ಅಂದರೆ ಅಲ್ಲಾಡದ ವಸ್ತುವಿನ ಒಂದು ಅಂಕಿ ಅಂತಲೇ ಓದಿ ನಾನು ಡಿಗ್ರಿ ಮುಗಿಸಿದೆ. ಅದು ಅರ್ಧ ಪಾಠ ಅಂತ ಈಗನ್ನಿಸುತ್ತೆ.

ನೀವೇನಂತೀರಿ?