ಪೆಟ್ಟಿಗೆಯ ಬೆನ್ನಿನ ನಂಬರು

ಕಬ್ಬಿನ ಹಂಗಾಮಿನಲ್ಲಿ ಚಿಕ್ಕೋಡಿ, ರಾಯಬಾಗ, ಅಥಣಿ ಕಡೆಯ ರೈತರ ಕಿಸೆಯಲ್ಲಿ ಕಾರಖಾನೆಯ ತೂಕದ ಚೀಟಿ ಇದ್ದೇ ಇರುತ್ತದೆ. ನಾಲ್ವರು ಸಂತೆಯಲ್ಲಿ ಕೂಡಿ ಹಿಂದಿನ ದಿನದ ಚೀಟಿ ತೆಗೆದರೆನ್ನಿ. ಅಂದು ಒಂದರಿಂದ ಶುರುವಾದ ಚೀಟಿಗಳ ಸರಣಿಯಲ್ಲಿ ಅವುಗಳ ನಂಬರು: 37, 112, 205, 240. ಅಂದು ಒಟ್ಟು ಎಷ್ಟು ಗಾಡಿ ತೂಗಿದ್ದರು? 240ಕ್ಕೆ ಕಡಿಮೆಯಂತೂ ಇಲ್ಲ. ಆದರೆ ಕಟ್ಟಕಡೆಯ ಗಾಡಿಯವನೇ ನಮ್ಮೊಂದಿಗೆ ಕೂತಿದ್ದಾನೆಂದು ಏನು ಖಾತ್ರಿ? ದೊಡ್ಡ ನಂಬರನ್ನು ಚೀಟಿಗಳ ಲೆಕ್ಕದಿಂದ ಭಾಗಿಸಿದರೆ 60. ಅದನ್ನು 240ಕ್ಕೆ ಕೂಡಿಸಿ ಒಂದು ಕಳೆದರೆ 299. ಚೀಟಿಗಳ ನಡುವೆ ಸರಾಸರಿ ಎಷ್ಟು ಅಂತರವೋ ಕೊನೆಯ ಚೀಟಿಯ ಆಚೆಗೂ ಸುಮಾರು ಅಷ್ಟೇ ಇದ್ದೀತು ಎಂಬುದು ಇದರ ತರ್ಕ.

ಎರಡನೇ ಮಹಾಯುದ್ಧದಲ್ಲಿ ಇದೇ ಲೆಕ್ಕ ದೊಡ್ಡ ಕೆಲಸ ಮಾಡಿತು. 1942ರ ಆಗಸ್ಟ್‌ನಲ್ಲಿ ಜರ್ಮನಿ 1550 ಟ್ಯಾಂಕ್ ತಯಾರಿಸಿರಬೇಕೆಂದು ಗೂಢಚಾರರು ಅಂದಾಜಿಸಿದ್ದರು. ಸೆರೆಸಿಕ್ಕ ಟ್ಯಾಂಕ್‌ಗಳ ನಂಬರು ಹಿಡಿದ ಗಣಿತಜ್ಞರು 327 ಅಂದರು. ಯುದ್ಧ ಮುಗಿದ ಮೇಲೆ ಸಿಕ್ಕ ಜರ್ಮನ್ ದಾಖಲೆಯಲ್ಲಿ ಇದ್ದದ್ದು 342.

ಈಗ ಬೆನ್ನಿಗೆ ಇಂಥದೇ ನಂಬರು ಹೊತ್ತ ವಾದ್ಯಗಳಿಗೆ ಬರೋಣ. ಯಾವ ಸ್ವರ ಯಾವಾಗ, ಎಷ್ಟು ಹೊತ್ತು ಎಂಬುದನ್ನು ನೆನಪಿಟ್ಟು ತಾನೇ ಮತ್ತೆ ನುಡಿಸುವ ಪೆಟ್ಟಿಗೆಯೇ ಸೀಕ್ವೆನ್ಸರ್. ಜಪಾನಿನ ರೋಲ್ಯಾಂಡ್ ಕಂಪನಿಯ ಟಿಬಿ-303 ಅಂಥದ್ದು. ಮಂದ್ರ ಸ್ವರಗಳನ್ನು ನುಡಿಸುವ ಆ ಪೆಟ್ಟಿಗೆಯನ್ನು ಸುಮಾರು 10,000 ತಯಾರಿಸಿ, ಕೊಳ್ಳುವವರಿಲ್ಲದೆ 1984ರಲ್ಲಿ ನಿಲ್ಲಿಸಿದರು. ಮುಂಬಯಿಯ ಚರಣ್‌ಜೀತ್ ಸಿಂಗ್ 1982ರಲ್ಲೇ ಅದರ ಮೇಲೆ ಹತ್ತು ರಾಗ ಕೂರಿಸಿ ಧ್ವನಿಮುದ್ರಿಸಿದ್ದರು. ಆಗ ಕೇಳಿದವರು ಕಡಿಮೆ. ಈಗ ಆ ಪೆಟ್ಟಿಗೆಗೆ ಹೇಳಿದ್ದೇ ಬೆಲೆ. ಅದೇ ಕಂಪನಿಯ ತಾಳಯಂತ್ರ ಟಿಆರ್-808ರ ಕಥೆ ಇನ್ನೂ ಸ್ವಾರಸ್ಯದ್ದು. ಅದರ ವಿಶಿಷ್ಟ ಸದ್ದು ಬರುತ್ತಿದ್ದದ್ದು ದೋಷವಿದ್ದ ಟ್ರಾನ್ಸಿಸ್ಟರ್‌ಗಳಿಂದ. ಟ್ರಾನ್ಸಿಸ್ಟರ್ ಮಾಡುವವರು ಸುಧಾರಿಸಿದರು, ದೋಷದ ಮಾಲು ಸಿಗದಾಯಿತು, ಸುಮಾರು 12,000ಕ್ಕೆ ಯಂತ್ರವೇ ನಿಂತಿತು!

ಕಾಗವಾಡದ ನೆರೆಯ ಮಿರಜದಲ್ಲಿ ಕುಂಬಳದ ಬುರುಡೆ ಕೊರೆದು ತಂಬೂರಿ ಮಾಡುವ ಶಿಕಲಗಾರ ಮನೆತನಗಳಿಗೆ ಈ ನಂಬರಿನ ಗೊಡವೆ ಬೇಕಿಲ್ಲ. ಒಂದರಂತೆ ಇನ್ನೊಂದಿಲ್ಲ; ಕೈಯೇ ಗುರುತು. 1979ರಲ್ಲಿ ಬೆಂಗಳೂರಿನ ರಾಜ್ ನಾರಾಯಣ್ ರೂಪಿಸಿದ ಎಲೆಕ್ಟ್ರಾನಿಕ್ ತಂಬೂರಿಯಂಥ ಪೆಟ್ಟಿಗೆ ಬಂದಾಗ ಹಾಗಲ್ಲ. ನೋಡಲು ಎಲ್ಲವೂ ಒಂದೇ, ಆದ್ದರಿಂದ ಬೆನ್ನಿಗೊಂದು ನಂಬರು ಬೇಕು.

ಹಳೆಯ ಮಾಲು ಮಾರುವವರು ಸಾಮಾನ್ಯವಾಗಿ ಹೇಳುವ ಮಾತೊಂದಿದೆ: ‘ನಂಬರು ಸಣ್ಣದು, ಮೊದಲ ಮಾಲು, ಗಟ್ಟಿ.’ ನನಗೆ ಇದು ಒಪ್ಪಿಗೆಯಿಲ್ಲ. ಮೊದಲ ಮಾಲಿನಲ್ಲಿ ತಪ್ಪುಗಳೂ ಹೆಚ್ಚಿರುತ್ತವೆ, ತಿದ್ದುವುದು ಆಮೇಲೆ. ಅದೂ ಅಲ್ಲದೆ, ಎಲ್ಲ ಕಂಪನಿಗಳೂ ಒಂದರಿಂದ ಎಣಿಸಲು ಶುರುಮಾಡುವುದಿಲ್ಲ. ಕೆಲವು ಸಾವಿರದಿಂದ ಹಿಡಿಯುತ್ತವೆ, ಕೆಲವು ಎರಡು ಮೂರು ಮಾದರಿಗಳಿಗೆ ಒಂದೇ ಸರಣಿ ಹರಿಸುತ್ತವೆ, ಕೆಲವು ತಿಂಗಳು ಮತ್ತು ವರ್ಷವನ್ನು ಅಕ್ಷರದಲ್ಲಿ ಅಡಗಿಸುತ್ತವೆ. ದಿನದ ನಡುವೆಯೇ ಹೊಸ ಚೀಟಿ ಪುಸ್ತಕ ತೆಗೆದು ಮತ್ತೆ ಒಂದರಿಂದ ಬರೆದರೆ ಸಂತೆಯ ನಮ್ಮ ಲೆಕ್ಕ ಎಲ್ಲಿಗೆ ಹೋಗಿ ನಿಲ್ಲುತ್ತದೆ, ಯೋಚಿಸಿ.

ವಯಸ್ಸು ತಿಳಿಯಬೇಕೆಂದರೆ ಪೆಟ್ಟಿಗೆ ಬಿಚ್ಚಿಸುವುದೇ ವಾಸಿ. ಒಳಗಿನ ಹಲವು ಚಿಪ್‌ಗಳ ಮೇಲೆ ನಾಲ್ಕಂಕಿ ಇರುತ್ತದೆ. 8214 ಎಂದಿದ್ದರೆ 1982ರ 14ನೇ ವಾರ. ಆ ಚಿಪ್‌ಗಳಲ್ಲಿ ತೀರ ಈಚಿನದು ಯಾವುದೋ, ಪೆಟ್ಟಿಗೆ ಜೋಡಿಸಿದ್ದು ಅದರ ನಂತರವೇ. ಒಂದು ಚಿಪ್ ಮಾತ್ರ ಉಳಿದವಕ್ಕಿಂತ ಐದಾರು ವರ್ಷ ಎಳೆಯದಾಗಿದ್ದರೆ ಯಾರೋ ರಿಪೇರಿ ಮಾಡಿ ಬದಲಿಸಿರಬೇಕು. ಅದರ ಸುತ್ತಲಿನ ಬೆಸುಗೆಯನ್ನು ಒಮ್ಮೆ ನೋಡಿ, ಆಮೇಲೆ ಬೆಲೆ ಮಾತಾಡಿ.